ಒಟ್ಟಾವದ ಕಲ್ಲು, ಕಂಚು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಿಂಕನ್ ಕೂತ ಜಾಗ, ನಿಂತ ಜಾಗ, ಉಂಡ ಮನೆ, ಮಲಗಿದ ಮನೆ ಎಲ್ಲಕ್ಕೂ ಫಲಕ ನೆಟ್ಟಿದ್ದಾರೆ. ವಕೀಲಿಕೆಗೆಂದು ಕೋರ್ಟಿನಿಂದ ಕೋರ್ಟಿಗೆ ಅಲೆದ ಮನುಷ್ಯ. ಫಲಕ ನೆಡುವವರಿಗೆ ಜಾಗದ ಬರ ಬಂದೇ ಇಲ್ಲ. ನನಗೋ ಕಂಡ ಕಂಡ ಫಲಕ ಓದುವ ಚಟ. ಚಿಕಾಗೊ ಬಳಿ ಇರುವ ಮಗನ ಕಾರಿನಲ್ಲಿ ಹೋಗುವಾಗ ಒಂದು ಕಂಡರೆ ಸಾಕು, ‘ನಿಲ್ಸಪ್ಪಾ’ ಎನ್ನುತ್ತೇನೆ. ಅಷ್ಟರಲ್ಲಿ ಫಲಕ ಅರ್ಧ ಮೈಲಿ ಹಿಂದೆ ಬಿದ್ದಿರುತ್ತದೆ. ‘ಅಪ್ಪಾ, ಇದು ಹೈವೇ. ಕೈ ತೋರಿಸಿದಲ್ಲಿ ನಿಲ್ಲೋಕೆ ನಮ್ಮೂರ ಬಸ್ಸಲ್ಲ’ ಎಂದು ಅವನು ಗೊಣಗುತ್ತಾನೆ.

ಒಟ್ಟಾವ ನನಗೆ ಹಿಡಿಸಿದ್ದು ಅದಕ್ಕೇ. ಕೆನಡಾದ ರಾಜಧಾನಿಯಲ್ಲ, ಅದೇ ಹೆಸರಿನ ಸಣ್ಣ ಊರು. ಚಿಕಾಗೊದಿಂದ ನೈಋತ್ಯಕ್ಕೆ ಸುಮಾರು 80 ಮೈಲಿ, ಫಾಕ್ಸ್ ನದಿ ಹೋಗಿ ಇಲಿನಾಯ್ ನದಿಗೆ ಬೀಳುವ ಕಡೆ. ಲಸಾಲ್ ಕೌಂಟಿಯ ಕೋರ್ಟು ಕಚೇರಿಗಳೆಲ್ಲ ಇಲ್ಲೇ. ಜನಸಂಖ್ಯೆ ಹತ್ತೊಂಬತ್ತು ಸಾವಿರದ ಆಸುಪಾಸು. ಮಗನನ್ನು ಕಾಫಿ ಅಂಗಡಿಯಲ್ಲಿ ಕೂರಿಸಿ, ಕಾಲ್ನಡಿಗೆಯಲ್ಲೇ ಊರನ್ನೆಲ್ಲ ಓದಿ ಮುಗಿಸಬಹುದು.

ಊರಿನ ನಡುವೆ ವಾಷಿಂಗ್ಟನ್ ಸ್ಕ್ವೇರ್ ಎಂಬ ಪಾರ್ಕು. 1858ರ ಆಗಸ್ಟ್ 21ರಂದು ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ನಡುವಿನ ಏಳು ಚರ್ಚೆಗಳಲ್ಲಿ ಮೊದಲನೆಯದು ನಡೆದದ್ದು ಇಲ್ಲಿ. ಸೆನೆಟ್ ಸ್ಥಾನಕ್ಕೆ ಪೈಪೋಟಿ. ವಾದದ ವಿಷಯ ಗುಲಾಮಗಿರಿ. ಡಗ್ಲಸ್ ಒಂದು ಗಂಟೆ, ಲಿಂಕನ್ ಒಂದೂವರೆ ಗಂಟೆ, ಮತ್ತೆ ಡಗ್ಲಸ್ ಅರ್ಧ ಗಂಟೆ. ಕೇಳಲು ಸುಮಾರು ಹತ್ತು ಸಾವಿರ ಜನ ರೈಲು, ಗಾಡಿ, ಕಾಲುವೆಯ ದೋಣಿ ಹತ್ತಿ ಬಂದಿದ್ದರು. ಅಂದಿನ ಊರಿನ ಜನಕ್ಕಿಂತ ಹೆಚ್ಚು. ಕೂರಲು ಬೆಂಚಿಲ್ಲ, ಮೇಲೆ ಬಿಸಿಲು. ಕೆಲವರು ವೇದಿಕೆಯ ಚಾವಣಿ ಹತ್ತಿದರು. ಹಲಗೆ ಮುರಿದು ಸ್ವಾಗತ ಸಮಿತಿಯವರ ತಲೆಯ ಮೇಲೆ ಬಿತ್ತು. ಸ್ವಾಗತ ಸಮಿತಿಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

ಮುಗಿದ ಮೇಲೆ ಲಿಂಕನ್‌ನನ್ನು ಅವನ ಕಡೆಯವರು ಹೆಗಲ ಮೇಲೆ ಹೊತ್ತು ಮೆರೆಸಿದರು. ಆರಡಿ ನಾಲ್ಕಂಗುಲದ ಆಸಾಮಿ. ಆ ಕಾಲುಗಳನ್ನು ಎಲ್ಲಿ ಇಡುವುದೆಂದು ಹೊತ್ತವರಿಗೂ ತಿಳಿದಿರಲಾರದು, ಹೊರಿಸಿಕೊಂಡವನಿಗೂ. ಡಗ್ಲಸ್ ಇದನ್ನೇ ಹಿಡಿದು, ಲಿಂಕನ್ ನಡೆಯಲೂ ಆಗದಷ್ಟು ಸೋತು ಹೋಗಿದ್ದ, ಹೊತ್ತುಕೊಂಡು ಹೋಗಬೇಕಾಯಿತು ಎಂದು ಮುಂದಿನ ಸಭೆಗಳಲ್ಲಿ ಸಾರಿದ. ರಾಜಕೀಯ ಭಾಷಣ ಕೇಳಿ ಪಳಗಿದ ನಮ್ಮಂಥವರಿಗೆ ಇದರಲ್ಲಿ ಹೊಸದೇನೂ ಕಾಣದು.

ಸೆನೆಟ್ ಸ್ಥಾನ ಗೆದ್ದವನು ಡಗ್ಲಸ್. ಎರಡು ವರ್ಷದ ಬಳಿಕ ಅಧ್ಯಕ್ಷನಾಗಿ ಆರಿಸಿ ಬಂದವನು ಲಿಂಕನ್. ಚರ್ಚೆಗೆ ಐವತ್ತು ತುಂಬಿದ 1908ರಲ್ಲಿ ಸ್ಥಳೀಯ ಮಹಿಳೆಯರ ಸಂಘದವರು ಅಲ್ಲಿ ಬಂಡೆಯೊಂದನ್ನಿಟ್ಟು ಫಲಕ ಹಾಕಿಸಿದರು. ಅದೂ ಸಾಲದೆಂದು 2002ರಲ್ಲಿ ರೆಬೆಕಾ ಚೈಲ್ಡರ್ಸ್ ಕಲೀಲ್ ಮಾಡಿದ ಇಬ್ಬರ ಕಂಚಿನ ಪ್ರತಿಮೆಗಳು ಕಾರಂಜಿಯ ನಡುವೆ ನಿಂತವು. ಲಿಂಕನ್ ಉದ್ದ, ಡಗ್ಲಸ್ ಗಿಡ್ಡ; ಶಿಲ್ಪಿಗೆ ಅದನ್ನು ಕಲ್ಪಿಸುವ ಕಷ್ಟವಿರಲಿಲ್ಲ. ಚರ್ಚೆಯ ರಾತ್ರಿ ಲಿಂಕನ್ ಉಳಿದದ್ದು ಮೇಯರ್ ಗ್ಲೋವರ್ ಮನೆಯಲ್ಲಿ ಎಂಬುದೂ ಊರಿನ ಇತಿಹಾಸದಲ್ಲಿ ದಾಖಲಾಗಿದೆ. ಬಂದು ಮೂರು ಗಂಟೆ ವಾದ ಮಾಡಿದ್ದಕ್ಕೆ ಇಷ್ಟು ಸತ್ಕಾರ.

ಊರಿನ ಸ್ಮಶಾನದಲ್ಲಿ ಇನ್ನೊಂದು ಪ್ರತಿಮೆ, ಸ್ಕೌಟ್ ಹುಡುಗನದು. 1941ರದು. ಅಲ್ಲಿ ಮಲಗಿರುವವನು ಡಬ್ಲ್ಯು. ಡಿ. ಬಾಯ್ಸ್ ಎಂಬ ಪತ್ರಿಕೋದ್ಯಮಿ. 1909ರಲ್ಲಿ ಲಂಡನ್ನಿನ ಮಂಜಿನಲ್ಲಿ ದಾರಿ ತಪ್ಪಿದ್ದಾಗ ಹುಡುಗನೊಬ್ಬ ದಾರಿ ತೋರಿಸಿದನಂತೆ, ಕೊಟ್ಟ ಇನಾಮು ಬೇಡವೆಂದನಂತೆ. ಬಾಯ್ಸ್ 1910ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ಕಟ್ಟಿದ. ಹುಡುಗ ಯಾರೆಂದು ಯಾರಿಗೂ ತಿಳಿಯಲಿಲ್ಲ. ಅಂದು ಮಂಜೇ ಇರಲಿಲ್ಲ ಎಂದು ಹವಾಮಾನದ ದಾಖಲೆ ಕೆದಕಿದವರು ವಾದಿಸುತ್ತಾರೆ. ಇಂಥವರು ಪ್ರತಿ ಊರಲ್ಲೂ ಇರುತ್ತಾರೆ, ಇರಲೂ ಬೇಕು.

ಕ್ಲಿಂಟನ್ ಮತ್ತು ಜೆಫರ್ಸನ್ ಬೀದಿಗಳು ಕೂಡುವ ಮೂಲೆಯಲ್ಲಿ ಮತ್ತೊಂದು ಕಂಚಿನ ಪ್ರತಿಮೆಯಿದೆ. ಯುವತಿ, ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಟುಲಿಪ್ ಹೂವು. ಅಲ್ಲಿ ನಾನು ನಗುವುದನ್ನು ನಿಲ್ಲಿಸಿದೆ.

1922ರಲ್ಲಿ ರೇಡಿಯಂ ಡಯಲ್ ಎಂಬ ಕಂಪನಿ ಊರಿನ ಹಳೆಯ ಹೈಸ್ಕೂಲು ಕಟ್ಟಡ ಹಿಡಿಯಿತು. ಗಡಿಯಾರದ ಅಂಕಿಗಳು ಕತ್ತಲಲ್ಲಿ ಹೊಳೆಯುವಂತೆ ರೇಡಿಯಂ ಬಣ್ಣ ಬಳಿಯುವ ಕೆಲಸ. ಊರಿನ ಹುಡುಗಿಯರಿಗೆ ಒಳ್ಳೆಯ ಸಂಬಳ. ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿಟ್ಟು ಎಳೆದು, ಬಣ್ಣಕ್ಕೆ ಅದ್ದಿ, ಬಳಿಯಬೇಕು, ಕಲಿಸಿದ್ದೇ ಹಾಗೆ. ಅಪಾಯವೇನಿಲ್ಲ ಎಂದು ಹೇಳಿದ್ದರಿಂದ ತಮಾಷೆಗೆ ಉಗುರಿಗೂ ಬಳಿದುಕೊಂಡರು. ರೇಡಿಯಂ ಮೂಳೆಯಲ್ಲಿ ಸೇರಿ ಕೂರುತ್ತದೆ. ದವಡೆ ಕೊಳೆಯಿತು, ಸೊಂಟದ ಮೂಳೆ ಸವೆಯಿತು. ಆ ಹುಡುಗಿಯರಲ್ಲೊಬ್ಬಳಾದ ಪೆಗ್ ಲೂನಿ 1929ರಲ್ಲಿ ತೀರಿಕೊಂಡಾಗ ಡಿಫ್ತೀರಿಯಾ ಎಂದು ಬರೆದರು. ಅದೇ ಕೆಲಸ ಮಾಡಿದ್ದ ಕ್ಯಾಥರಿನ್ ವೂಲ್ಫ್ ಡೊನೊಹ್ಯೂ ದಾವೆ ಹೂಡಿದಾಗ ಊರಿನ ಅನೇಕರು ಮುಖ ತಿರುಗಿಸಿದರು; ಆರ್ಥಿಕ ಮುಗ್ಗಟ್ಟಿನ ಕಾಲ, ಸಂಬಳ ಕೊಡುವ ಕಂಪನಿಯ ಮೇಲೆ ಕೇಸೇ? 1938ರ ಫೆಬ್ರವರಿಯಲ್ಲಿ ವಿಚಾರಣೆಯ ನಡುವೆ ಆಕೆ ಕುಸಿದಳು. ಉಳಿದ ಸಾಕ್ಷ್ಯವನ್ನು ಆಕೆಯ ಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲೇ ದಾಖಲಿಸಿಕೊಂಡರು. ಆಕೆ ಗೆದ್ದಳು, ಕಂಪನಿ ಮೇಲ್ಮನವಿಗೆ ಹೋಯಿತು, ಜುಲೈಯಲ್ಲಿ ಆಕೆ ಸತ್ತಳು. ಮರುವರ್ಷ ಸುಪ್ರೀಂ ಕೋರ್ಟು ಕಂಪನಿಯ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ.

ಈ ಪ್ರತಿಮೆ ಎದ್ದದ್ದು 2011ರಲ್ಲಿ. ಅದೂ ಶಾಲಾ ಹುಡುಗಿಯೊಬ್ಬಳು ಪಾಠದ ಪ್ರಾಜೆಕ್ಟಿಗೆಂದು ಈ ಕಥೆ ಓದಿ, ಇವರಿಗೆ ಯಾಕೆ ಸ್ಮಾರಕವಿಲ್ಲ ಎಂದು ಹಟ ಹಿಡಿದ ಮೇಲೆ. ಅದೃಷ್ಟಕ್ಕೆ ಅವಳ ಅಪ್ಪ ಶಿಲ್ಪಿ. ಗುಮಾಸ್ತನಾಗಿದ್ದರೆ ಏನಾಗುತ್ತಿತ್ತೋ.

ಲೆಕ್ಕ ಹಾಕಿದೆ: ಒಂದು ಮಧ್ಯಾಹ್ನ ಬಂದು ಹೋದ ಇಬ್ಬರು ಅತಿಥಿಗಳಿಗೆ ಬಂಡೆ ಇಡಲು ಊರು ತೆಗೆದುಕೊಂಡದ್ದು 50 ವರ್ಷ. ತನ್ನದೇ ಹೆಣ್ಣುಮಕ್ಕಳಿಗೆ, ಡೊನೊಹ್ಯೂ ಸತ್ತ ಮೇಲೆ 73 ವರ್ಷ. ದನ ಬಿಡಿಸಲು ಹೋಗಿ ಸತ್ತವನಿಗೆ ನಮ್ಮ ಹಳ್ಳಿಗಳವರು ವೀರಗಲ್ಲು ನಿಲ್ಲಿಸುತ್ತಿದ್ದದ್ದು ನೆನಪಾಯಿತು. ಹಾಗೆಂದು ಒಟ್ಟಾವವನ್ನು ಹಳಿಯಲಾರೆ. ತನ್ನ ತಪ್ಪಿನ ಗುರುತನ್ನು ಬೀದಿಯ ಮೂಲೆಯಲ್ಲಿ ನಿಲ್ಲಿಸಿಕೊಂಡ ಊರು, ತಡವಾಗಿಯಾದರೂ, ದೊಡ್ಡ ಕೆಲಸವನ್ನೇ ಮಾಡಿದೆ.

ಮಕ್ಕಳ ಮನೆಗೆಂದು ಚಿಕಾಗೊ ಕಡೆ ಹೋಗುವ ಅಪ್ಪ ಅಮ್ಮಂದಿರೇ, ಒಂದು ಶನಿವಾರ ಮಾಲ್ ಬಿಟ್ಟು ಒಟ್ಟಾವಕ್ಕೆ ಹೋಗಿ ಬನ್ನಿ. ಮೊದಲು ಕ್ಲಿಂಟನ್ ಬೀದಿಗೆ ಹೋಗಿ. ಲಿಂಕನ್ನನ್ನು ಆಮೇಲೆ ನೋಡಿದರಾಯಿತು. ಇಲ್ಲಿ ತಪ್ಪಿದರೂ ಆ ರಾಜ್ಯದಲ್ಲಿ ಮುಂದಿನ ಊರಲ್ಲಿ ಸಿಕ್ಕೇ ಸಿಗುತ್ತಾನೆ.