ಹೊಸ ಗ್ರಾಫಿಕ್ಸ್ ಕಾರ್ಡಿನ ಜ್ವರನಿರ್ಣಯ: ರಾಯದುರ್ಗ ಮತ್ತು ಮಡಕಶಿರಾ ಪಂಥಗಳ ತೌಲನಿಕ ಅಧ್ಯಯನ

1. ಪೀಠಿಕೆ

ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೆಲಸದ ಹೊರೆ ಬಿದ್ದರೆ ಅದು ಬಿಸಿಯಾಗುತ್ತದೆ. ಈ ಬಿಸಿ ಆರೋಗ್ಯವೋ ರೋಗವೋ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿನ ಕನ್ನಡ ಶಾಸನಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಒಂದೇ ಒಂದು ದೂರೂ ಇಲ್ಲ. ನೊಳಂಬರ ಕಾಲದ ಕಾರ್ಡುಗಳು ತೃಪ್ತಿಕರವಾಗಿ ನಡೆಯುತ್ತಿದ್ದವು ಎಂಬ ತೀರ್ಮಾನಕ್ಕೆ ಬರದೆ ಬೇರೆ ದಾರಿಯಿಲ್ಲ.

ಅಧ್ಯಯನದ ವ್ಯಾಪ್ತಿಯನ್ನು ಮದುವೆ ವಿಡಿಯೊ ಮಾಡುವ ಫೋಟೊ ಸ್ಟುಡಿಯೊಗಳಿಗೆ ಸೀಮಿತಗೊಳಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತರುವವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಇದ್ದಲ್ಲೇ ಉಳಿಯಿತು. ಜಿಲ್ಲೆ ಬದಲಾದ ಕಾರಣಕ್ಕೆ ಮಡಕಶಿರಾದ ಯಾವ ಕಾರ್ಡೂ ಒಂದು ಡಿಗ್ರಿ ತಣ್ಣಗಾಗಿಲ್ಲವೆಂಬುದನ್ನು ಆರಂಭದಲ್ಲೇ ದಾಖಲಿಸುತ್ತೇವೆ. ಎರಡೂ ಊರುಗಳನ್ನು ಜೋಡಿಸಬೇಕಾದ ರಾಯದುರ್ಗ–ತುಮಕೂರು ರೈಲು ಮಾರ್ಗ ಪೂರ್ತಿಯಾಗದ ಕಾರಣ ಇಲ್ಲಿ ಎರಡು ಪಂಥಗಳು ಪರಸ್ಪರ ಸೋಂಕಿಲ್ಲದೆ ಬೆಳೆದಿವೆ.

2. ಹಸ್ತಪಂಥ

ರಾಯದುರ್ಗ ಜೀನ್ಸ್ ಹೊಲಿಯುವ ಊರು. ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ ಗುಣ ಹೇಳುವ ಊರಿನಲ್ಲಿ ಅಂಗೈಯೇ ಪರಮ ಪ್ರಮಾಣವಾದದ್ದು ಸಹಜ. ಈ ಪಂಥದವರು ಕ್ಯಾಬಿನೆಟ್ಟಿನ ಹಿಂಬದಿಗೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ. ಕೈ ಸುಟ್ಟರೆ ಕಾರ್ಡು ಹೋಯಿತು, ಸುಡದಿದ್ದರೆ ಉಳಿಯಿತು.

ಖಂಡನೆ: ಕಾರ್ಡಿಗೆ ಬೇನೆಯಾಗುವುದಕ್ಕೆ ಬಹಳ ಮೊದಲೇ ಕೈ ಸೋಲುತ್ತದೆ. ಆರ್‌ಟಿಎಕ್ಸ್ 3060ಕ್ಕೆ ಕಂಪನಿಯೇ ಹೇಳಿರುವ ಗರಿಷ್ಠ ತಾಪ 93 ಡಿಗ್ರಿ ಸೆಲ್ಸಿಯಸ್, 4060ಕ್ಕೆ 90. ಅಂಥ ಬಿಸಿಯನ್ನು ಅಳೆಯುವಷ್ಟು ಹೊತ್ತು ಯಾವ ವಿದ್ವಾಂಸರ ಅಂಗೈಯೂ ಅಲ್ಲಿ ನಿಲ್ಲದು. ಮೇಲಾಗಿ, ಹಿಂದಿನಿಂದ ಬಿಸಿಗಾಳಿ ಬರುತ್ತಿದೆಯೆಂದರೆ ಒಳಗಿನ ಶಾಖ ಹೊರಗೆ ಬಂದಿದೆ ಎಂದರ್ಥ. ಒಳಗೆ ಕಾರ್ಡು ಕುದಿಯುತ್ತ ಹೊರಗೆ ತಣ್ಣಗಿರುವ ಕ್ಯಾಬಿನೆಟ್ಟಿಗೇ ಹೆದರಬೇಕು. ಹಸ್ತಪಂಥ ಅದಕ್ಕೆ ಪ್ರಥಮ ದರ್ಜೆ ಕೊಟ್ಟು ಕಳಿಸುತ್ತದೆ.

3. ಕರ್ಣಪಂಥ

ಮಡಕಶಿರಾದವರು ಮುಟ್ಟುವುದಿಲ್ಲ, ಕೇಳುತ್ತಾರೆ. ಮೊದಲ ದಿನದ ದೂರು ಫ್ಯಾನು ತಿರುಗುತ್ತಿಲ್ಲವೆಂದು, ಎರಡನೇ ದಿನದ ದೂರು ಅದೇ ಫ್ಯಾನು ತಿರುಗುತ್ತಿದೆಯೆಂದು. ಎರಡೂ ದೂರುಗಳನ್ನು ಶಾಸ್ತ್ರ ವಜಾ ಮಾಡುತ್ತದೆ. ಸುಮಾರು 50 ಡಿಗ್ರಿ ದಾಟುವ ತನಕ ಫ್ಯಾನು ನಿಂತೇ ಇರುವಂತೆ ಅನೇಕ ಕಾರ್ಡುಗಳನ್ನು ಮಾಡಿರುತ್ತಾರೆ. ಹೊರೆ ಹೆಚ್ಚಿದಾಗ ಕೇಳುವ ಸಣ್ಣ ಕೀರಲು ದನಿ ಕಾಯಿಲ್ ಕಂಪಿಸುವುದರಿಂದ ಬರುವಂಥದ್ದು. ಅದರಿಂದ ಕೇಳುವವರಿಗೆ ತೊಂದರೆಯೇ ಹೊರತು ಕಾರ್ಡಿಗಲ್ಲ.

ಈ ಪಂಥದ ಪ್ರಾತಿನಿಧಿಕ ಸಂವಾದವೊಂದನ್ನು ಕಲ್ಪಿಸಿಕೊಳ್ಳಬಹುದು. ಸ್ಟುಡಿಯೊಗೆ ಬಂದ ಹೆಣ್ಣಿನ ಕಡೆಯ ಹಿರಿಯರು ಕೇಳುತ್ತಾರೆ: “ಏನ್ ತಮ್ಮಾ, ಮಿಷಿನ್ ಇಷ್ಟ್ ಕೂಗ್ತೈತೆ? ಕೆಟ್ಟೋಯ್ತಾ?”

“ಇಲ್ಲಣ್ಣಾ, ನಿಮ್ ಮನೆ ಮದುವೆ ವಿಡಿಯೊನೇ ರೆಂಡರ್ ಆಗ್ತೈತೆ.”

“ಹಂಗಾದ್ರೆ ನಮ್ದು ಮುಗಿದ್ಮ್ಯಾಲೆ ಕೆಡಲಿ ಬಿಡು.”

ವಾರಂಟಿ ಕುರಿತ ತತ್ತ್ವಚಿಂತನೆ ಇದಕ್ಕಿಂತ ಮುಂದೆ ಹೋಗಿಲ್ಲ.

4. ಶೇಕಡಾಪಂಥ

ಇದು ಎರಡೂ ಊರಿನ ಹೊಸ ತಲೆಮಾರಿನದು, ಟಾಸ್ಕ್ ಮ್ಯಾನೇಜರ್ ಇವರ ಪವಿತ್ರ ಗ್ರಂಥ. ಗೇಮ್ ಆಡುವಾಗ ಶೇ. 98 ಕಂಡರೆ ಕಾರ್ಡು ಸಾಯುತ್ತಿದೆಯೆಂದೂ, ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಶೇ. 12 ಕಂಡರೆ ಅಂಗಡಿಯವನು ಮೋಸ ಮಾಡಿದನೆಂದೂ ಇವರು ನಂಬುತ್ತಾರೆ. ಗೇಮಿನಲ್ಲಿ ಶೇ. 97ರಿಂದ 99ರವರೆಗೆ ದುಡಿಯುವುದು ಕಾರ್ಡಿನ ಧರ್ಮ, ಕೊಟ್ಟ ದುಡ್ಡಿಗೆ ಅದೇ ನ್ಯಾಯ. ಇನ್ನು ಎಕ್ಸ್‌ಪೋರ್ಟಿನ ಕೆಲಸ ಬಹುಪಾಲು ವಿಡಿಯೊ ಎನ್‌ಕೋಡ್ ಎಂಬ ಬೇರೆ ಭಾಗದಲ್ಲಿ ನಡೆಯುತ್ತದೆ. ತ್ರೀಡಿ ಎಂಬ ಗ್ರಾಫನ್ನಷ್ಟೇ ನೋಡುತ್ತ ಕೂತರೆ ಅದು ಕಾಣುವುದಿಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಬಿಟ್ಟು ಮದರ್‌ಬೋರ್ಡಿಗೆ ಚುಚ್ಚಿ ಕಾರ್ಡು ಸೋಮಾರಿಯೆಂದು ಶಪಿಸುವ ಉಪಪಂಥವೂ ಒಂದಿದೆ. ಅದರ ಅನುಯಾಯಿಗಳ ಗೌರವಕ್ಕಾಗಿ ಹೆಚ್ಚು ಬರೆಯುವುದಿಲ್ಲ.

5. ಸಿದ್ಧಾಂತ

ಸೂತ್ರ ಒಂದು: ದುಡಿವ ಕಾರ್ಡಿನ ಮೈ ಬಿಸಿ.
ಸೂತ್ರ ಎರಡು: ಏರಿದ್ದು ನಿಂತರೆ ಕ್ಷೇಮ.

ವ್ಯಾಖ್ಯಾನ: ಅರ್ಧ ಗಂಟೆ ಎಡೆಬಿಡದೆ ಹೊರೆ ಕೊಡಿ. ತಾಪ ಮೊದಲು ಸರಸರ ಏರುತ್ತದೆ, ಆಮೇಲೆ ಒಂದು ಅಂಕಿಗೆ ಬಂದು ನಿಲ್ಲಬೇಕು. ಅದು 70 ಆಗಲಿ 80 ಆಗಲಿ, ನಿಂತಿತೇ ಎಂಬುದೇ ಪ್ರಶ್ನೆ. ಜೊತೆಗೆ ಜಿಪಿಯು–ಝಡ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಕ್ಲಾಕ್ ವೇಗ ನೋಡಿ. 3060ಕ್ಕೆ ಘೋಷಿಸಿದ ಬೂಸ್ಟ್ 1777 ಮೆಗಾಹರ್ಟ್ಸ್, ಮೂಲ ವೇಗ 1320. ಬಿಸಿಯೇರಿದಂತೆ ವೇಗ ಚೂರುಪಾರು ಇಳಿಯುವುದು ಸಹಜ. ಗೇಮ್ ಆಡುತ್ತಿರುವಾಗಲೇ ಮೂಲ ವೇಗಕ್ಕಿಂತ ಕೆಳಗೆ ಕುಸಿದರೆ ಮಾತ್ರ ಕಾರ್ಡು ಶಾಖಕ್ಕೆ ಹೆದರಿ ಕೈ ಚೆಲ್ಲಿದೆ ಎನ್ನಬೇಕು.

ದೇಶಕಾಲ ವಿಚಾರ: ಕೋಣೆ ಎಷ್ಟು ಡಿಗ್ರಿ ಏರಿತೋ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಎಸಿ ಇರುವ 25 ಡಿಗ್ರಿಯ ಕೋಣೆಯಲ್ಲಿ 66 ತೋರಿಸಿದ ಕಾರ್ಡು, ರಾಯದುರ್ಗದ 40 ಡಿಗ್ರಿಯ ಮಧ್ಯಾಹ್ನ 80 ತೋರಿಸಿದರೆ ಅದು ಸುಳ್ಳು ಹೇಳುತ್ತಿಲ್ಲ, ಊರಿನ ಸುದ್ದಿ ಹೇಳುತ್ತಿದೆ. ಡಿಸೆಂಬರಿನಲ್ಲಿ ಪಾಸಾದ ಕಾರ್ಡಿಗೆ ಕೊಡಬಹುದಾದ್ದು ತಾತ್ಕಾಲಿಕ ಅಂಕಪಟ್ಟಿ ಮಾತ್ರ. ಅನುಮಾನ ಉಳಿದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ ಮತ್ತೆ ನೋಡಿ. ತಾಪ ದಡಕ್ಕನೆ ಇಳಿದರೆ ಅಪರಾಧಿ ಕಾರ್ಡಲ್ಲ, ಗಾಳಿಯಾಡದ ಪೆಟ್ಟಿಗೆ.

6. ಅಪವಾದ

ಹೊರೆ ಬಿದ್ದ ಕ್ಷಣ ಕಂಪ್ಯೂಟರ್ ಪೂರ್ತಿ ಆರಿಹೋದರೆ ಮೊದಲು ಪವರ್ ಸಪ್ಲೈ ಮೇಲೆ ಸಂಶಯ ಪಡಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, 3060 ಕೇಳುವುದು 170. ಉಳಿದದ್ದು ಪ್ರತ್ಯೇಕ ಕೇಬಲ್ಲಿನಿಂದ ಬರಬೇಕು, ಅದನ್ನು ಪೂರ್ತಿ ಒತ್ತಿ ಕೂರಿಸಿರಬೇಕು. 2022ರಲ್ಲಿ ಬಂದ 4090 ಕಾರ್ಡುಗಳ ಪೈಕಿ ಕೆಲವದರ ಕನೆಕ್ಟರುಗಳು ಕರಗಿದ್ದವು, ಕೇಬಲ್ ಸರಿಯಾಗಿ ಕೂರದಿದ್ದದ್ದು ಅದರ ಕಾರಣಗಳಲ್ಲೊಂದು. ಚಿಕ್ಕ ಯುಪಿಎಸ್ ಕೂಗಿಕೊಂಡರೆ ಅದು ತನ್ನ ಅಶಕ್ತಿಯನ್ನು ಸಾರುತ್ತಿದೆ, ಕಾರ್ಡಿನದನ್ನಲ್ಲ.

ಆದರೆ ವಧೂವರರ ಮುಖದ ಮೇಲೆ ಹಸಿರು ಚುಕ್ಕೆ, ಬಣ್ಣದ ಚೌಕಗಳು ಕುಣಿದರೆ, ಡ್ರೈವರ್ ಮತ್ತೆ ಮತ್ತೆ ಬಿದ್ದೆದ್ದರೆ, ಡ್ರೈವರ್ ಹೊಸದಾಗಿ ಹಾಕಿದರೂ ಹೋಗದಿದ್ದರೆ, ಅದು ಜ್ವರವಲ್ಲ, ರೋಗ. ಇಲ್ಲಿ ಮೂರೂ ಪಂಥಗಳಿಗೆ ಒಮ್ಮತವಿದೆ.

7. ತೀರ್ಪು

ಕಂಪನಿ ಹಾಕಿದ ಗೆರೆಯೊಳಗೆ ತಾಪ ನಿಂತಿದ್ದರೆ, ವೇಗ ಕುಸಿಯದಿದ್ದರೆ, ಚಿತ್ರ ಕೆಡದಿದ್ದರೆ ಕಾರ್ಡು ಆರೋಗ್ಯವಾಗಿದೆ. ಅದನ್ನು ಮುಟ್ಟುವುದನ್ನೂ ಅದಕ್ಕೆ ಕಿವಿಗೊಡುವುದನ್ನೂ ಬಿಟ್ಟು ಮದುವೆ ವಿಡಿಯೊ ಮುಗಿಸಿ, ಹೆಣ್ಣಿನ ಕಡೆಯವರು ಕಾಯುತ್ತಿದ್ದಾರೆ. ಚಿತ್ರ ಕೆಟ್ಟರೆ ವಾದ ಬೇಡ, ವಾರಂಟಿಗೆ ಕಳಿಸಿ. ಅದಕ್ಕಾಗಿ ಬಿಲ್ಲನ್ನೂ ಡಬ್ಬವನ್ನೂ ಎಸೆಯದೆ ಇಟ್ಟುಕೊಳ್ಳಿ.