ಪೈತೃಕನಾಣ್ಯನಿಕ್ಷೇಪಮೀಮಾಂಸೆ

ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರವನ್ನಾರಂಭಿಸುವವನು ವಿದ್ವಜ್ಜನರ ಪರಿಹಾಸಕ್ಕೆ ಗುರಿಯಾಗುವನಾದುದರಿಂದ ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ತರೀಕೆರೆ ಸೀಮೆಯ ಲಿಂಗದಹಳ್ಳಿಯಲ್ಲಿ, ನಮ್ಮ ಮನೆಯ ಬೀರುವಿನೊಳಗೆ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತಾತನ ಕಾಲದಿಂದ ಇರುವ ನಾಣ್ಯಗಳೇ ಈ ಗ್ರಂಥದ ವಿಷಯ. ಅವುಗಳನ್ನು ಇದ್ದಂತೆ ಇಡತಕ್ಕದ್ದೋ, ವೃತ್ತಿಪರ ಪರೀಕ್ಷಕರಿಗೆ ಒಪ್ಪಿಸಿ ಅಂಕ ಕೊಡಿಸತಕ್ಕದ್ದೋ ಎಂಬ ಸಂಶಯದ ನಿವೃತ್ತಿಯೇ ಪ್ರಯೋಜನ. ಡಬ್ಬಿಯಲ್ಲಿ ತಮಗೂ ಪಾಲುಂಟೆಂದು ನಂಬಿರುವ ಸಮಸ್ತ ದಾಯಾದಿಗಳೂ ಅಧಿಕಾರಿಗಳು. ಅವರವರೊಳಗಿನ ಸಂಬಂಧವು ಸದ್ಯಕ್ಕೆ ಅಷ್ಟಕ್ಕಷ್ಟೆ.

ಈ ಶಾಸ್ತ್ರಕ್ಕೆ ಮೂಲಪುರುಷರು ಬೆಂಗಳೂರಿನ ನಾಣ್ಯಪ್ರದರ್ಶನವೊಂದರಲ್ಲಿ ಭೂತಗನ್ನಡಿ ಹಿಡಿದು ಕುಳಿತಿದ್ದ ಒಬ್ಬ ಮಹನೀಯರು. ನಾನು ಕಾಗದದಲ್ಲಿ ಸುತ್ತಿ ಒಯ್ದಿದ್ದ ನಾಲ್ಕಾರು ರೂಪಾಯಿಗಳನ್ನು ಕೈಯಿಂದ ಮುಟ್ಟದೆ ಪೆನ್ನಿನ ತುದಿಯಿಂದ ಹೊರಳಿಸಿ, ‘ಲಸ್ಟರ್ ಇಲ್ಲ, ಸ್ಟ್ರೈಕ್ ವೀಕು, ಕ್ಲೀನ್ ಮಾಡಿಬಿಟ್ಟಿದ್ದಾರೆ’ ಎಂದು ಸೂತ್ರಪ್ರಾಯವಾಗಿ ನುಡಿದು, ಅನಂತರ ಆ ಸೂತ್ರಕ್ಕೆ ಭಾಷ್ಯವನ್ನು ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ವಿಸ್ತರಿಸಿದರು. ಅಷ್ಟು ದೀರ್ಘವಾದ ಆ ಭಾಷ್ಯದಲ್ಲಿ, ಇವು ನಿಮ್ಮ ಮನೆಗೆ ಎಲ್ಲಿಂದ ಬಂದುವೆಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ಅವರ ಪಾಂಡಿತ್ಯಕ್ಕೆ ಎದುರಾಗಿ ನಾನೂ ಒಂದು ಪಾಂಡಿತ್ಯವನ್ನು ಒಡ್ಡಬೇಕೆಂಬ ಮಾತ್ಸರ್ಯವೇ ಈ ಗ್ರಂಥಕ್ಕೆ ನಿಮಿತ್ತಕಾರಣ, ಉಪಾದಾನಕಾರಣವು ಡಬ್ಬಿ.

ನಿಕ್ಷೇಪವು ಸ್ಥಾವರ, ಜಂಗಮ, ವಿಸ್ಮೃತ ಎಂದು ತ್ರಿವಿಧ. ಗೋಡೆಯಲ್ಲಿ ಹುಗಿದು ಗಾರೆ ಮೆತ್ತಿದ್ದು ಸ್ಥಾವರ. ಹುಗಿದವನು ಯಾರಿಗೂ ಹೇಳದೆ ಸತ್ತರೆ ಅದೇ ವಿಸ್ಮೃತವಾಗಿ ಪರಿಣಮಿಸುವುದು. ಮುಂದೆಂದಾದರೂ ಅಡಿಕೆಸಸಿಗೆ ಗುಂಡಿ ತೋಡುವವನಿಗೆ ಅಂಥದು ದೊರೆತರೆ, ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸತಕ್ಕದ್ದೆಂಬ ಕಾಯಿದೆ ಅವನನ್ನು ಕಾದುಕೊಂಡಿರುವುದು. ಜಂಗಮವಾದರೋ ಪುನಃ ಗೃಹಸ್ಥ, ಬ್ಯಾಂಕಸ್ಥ ಎಂದು ದ್ವಿವಿಧ. ಬ್ಯಾಂಕಸ್ಥಕ್ಕೆ ರಿಸರ್ವ್ ಬ್ಯಾಂಕು 2022ರಿಂದ ವಿಧಿಸಿರುವ ನಿಯಮವೇನೆಂದರೆ, ಬೆಂಕಿ, ಕಳವು, ನೌಕರರ ವಂಚನೆ ಮುಂತಾದುವುಗಳಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆಯು ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ನಿಲ್ಲುವುದು, ಒಳಗೆ ಇದ್ದದ್ದು ಏನೇ ಇರಲಿ. ಗೃಹಸ್ಥಕ್ಕೆ ಬೀರುಗತ, ಪೆಟ್ಟಿಗೆಗತ, ಅಟ್ಟಗತ, ಅಕ್ಕಿಡಬ್ಬಗತ ಮೊದಲಾಗಿ ಇಪ್ಪತ್ತೇಳು ಭೇದಗಳನ್ನು ಕಲ್ಪಿಸಿಕೊಂಡಿದ್ದೆನು. ನಾಲ್ಕಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂದುದರಿಂದ ಮಿಕ್ಕವನ್ನು ಶಿಷ್ಯರು ಊಹಿಸಿಕೊಳ್ಳತಕ್ಕದ್ದು. ಅವರು ತಿಳಿಯಬೇಕಾದುದು ಇಷ್ಟೆ: ಬಾಬಾಬುಡನ್‌ಗಿರಿಯ ಮಳೆ ಕೆಳಗಿಳಿದು ಬಂದಾಗ ಬಟ್ಟೆಯೇ ಒಣಗದ ಊರಿನಲ್ಲಿ, ಮೆತ್ತನೆಯ ಪಿವಿಸಿ ಚೀಲಕ್ಕೆ ತುಂಬಿದ ತಾಮ್ರದ ಕಾಸು ಕೆಲವೇ ವರ್ಷಗಳಲ್ಲಿ ಹಸಿರು ಜಿಗುಟನ್ನು ಹಿಡಿಯುವುದು, ಅದಕ್ಕಿಂತ ಒಣಗಿದ ಕಾಗದದ ಲಕೋಟೆಯೇ ಮೇಲು.

ಇನ್ನು ಡಬ್ಬಿಯ ಗರ್ಭವಿಚಾರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಮುದ್ರೆಯ ‘ಮಯಿಲಿ ಕಾಸು’ಗಳು ಕೆಲವು, ಇವುಗಳನ್ನು ಅಚ್ಚುಹಾಕುತ್ತಿದ್ದ ಟಂಕಸಾಲೆಯು 1843ರಲ್ಲಿ ಮುಚ್ಚಿಹೋದ ಮೇಲೆ ಮೈಸೂರು ಸೀಮೆಯೂ ಇಂಗ್ಲಿಷರ ರೂಪಾಯಿಯಲ್ಲಿಯೇ ಕೊಡುಕೊಳ್ಳುವುದಾಯಿತು. ಆ ರೂಪಾಯಿಗಳಲ್ಲಿ ವಿಕ್ಟೋರಿಯಾ ರಾಣಿ ಇದ್ದಾಳೆ, ಕಿರೀಟವಿಲ್ಲದ ಎಡ್ವರ್ಡ್ ಇದ್ದಾನೆ, ಐದನೆಯ ಜಾರ್ಜ್ ಇದ್ದಾನೆ. ಇವನ 1911ರ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆಯು ಜನರ ಕಣ್ಣಿಗೆ ಹಂದಿಯಾಗಿ ಕಂಡು ಗುಲ್ಲೆದ್ದು, ಮರುವರ್ಷವೇ ಸರಕಾರವು ಅಚ್ಚನ್ನು ತಿದ್ದಿತು. ಕಲಾವಿಮರ್ಶೆಗೆ ಸರಕಾರ ತಲೆಬಾಗಿದ ನಿದರ್ಶನ ನನಗೆ ತಿಳಿದಂತೆ ಇದೊಂದೇ. ಒಂದು ತೊಲ ತೂಗುತ್ತಿದ್ದು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ಆ ರೂಪಾಯಿಯು 1940ರಲ್ಲಿ ಯುದ್ಧದ ದೆಸೆಯಿಂದ ಅರ್ಧ ಬೆಳ್ಳಿಗೆ ಇಳಿದು, 1947ರಲ್ಲಿ ನಿಕ್ಕಲ್ಲಾಯಿತು. ತಳದಲ್ಲಿ ಒಂದು ಹಿಡಿ ತೂತಿನ ಕಾಸು.

ಅಂಕಶಾಸ್ತ್ರದ ಪ್ರವರ್ತಕನು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಮನುಷ್ಯರ ದೇಹಗಳನ್ನು ಸ್ಥೂಲ, ಪುಷ್ಟ, ಕೃಶ ಎಂದು ಮೂರಾಗಿ ವಿಂಗಡಿಸಿ ತೃಪ್ತನಾಗದೆ, ಈತನು 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗೆ ಒಂದರಿಂದ ಎಪ್ಪತ್ತರವರೆಗೆ ಅಂಕವನ್ನು ಕಲ್ಪಿಸಿದನು. ಒಂದರ ಅಂಕದ್ದಕ್ಕೆ ಒಂದು ಡಾಲರಾದರೆ ಎಪ್ಪತ್ತರ ಅಂಕದ್ದಕ್ಕೆ ಎಪ್ಪತ್ತು ಡಾಲರೆಂಬ ಸಂತೆಯ ಲೆಕ್ಕವೇ ಅದರ ಆದಿರಹಸ್ಯ. ಈ ಮಹರ್ಷಿಯು ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಅವುಗಳ ಜಾಗದಲ್ಲಿ ಕೀಳಾದವನ್ನು ಇರಿಸಿದ್ದನೆಂಬುದು ಅವನು ಸತ್ತಮೇಲೆ ಬಯಲಾಯಿತು. ಅಂಕದಲ್ಲಿ ಅವನಿಗಿದ್ದ ಶ್ರದ್ಧೆಗೆ ಬೇರೆ ಪ್ರಮಾಣ ಬೇಕಿಲ್ಲ. 1986ರಿಂದೀಚೆಗೆ ಅಲ್ಲಿಯ ಸಂಸ್ಥೆಗಳು ಶುಲ್ಕ ಪಡೆದು ಅದೇ ಅಂಕವನ್ನು ಕೊಟ್ಟು, ನಾಣ್ಯವನ್ನು ಗಡಸು ಪ್ಲಾಸ್ಟಿಕ್ಕಿನ ಸ್ಲ್ಯಾಬಿನಲ್ಲಿ ಮುದ್ರೆಮಾಡುತ್ತಿರುವುವು. ಎಪ್ಪತ್ತು ಲಭಿಸುವುದು, ಟಂಕಸಾಲೆಯಿಂದ ಹೊರಟು ಯಾರ ಕೈಗೂ ಚಲಾವಣೆಗೆ ಹೋಗದೆ, ಭೂತಗನ್ನಡಿಗೂ ಒಂದು ಗೀರು ಕಾಣದ ನಾಣ್ಯಕ್ಕೆ.

ಇಲ್ಲಿ ಶಾಸ್ತ್ರವನ್ನು ಪಕ್ಕಕ್ಕಿಟ್ಟು ಒಂದು ಮಾತು ಹೇಳುತ್ತೇನೆ. ಯಾವ ಸಾಲವನ್ನೂ ತೀರಿಸದ, ಯಾವ ಮದುವೆಯ ಮುಯ್ಯಿಗೂ ಹೋಗದ, ಯಾವ ಸಂತೆಯಲ್ಲಿಯೂ ಒಂದು ಸೇರು ರಾಗಿಯನ್ನು ತಾರದ ನಾಣ್ಯಕ್ಕೆ ಎಪ್ಪತ್ತು. ನಮ್ಮ ಡಬ್ಬಿಯ ರೂಪಾಯಿಗೆ ‘ಕ್ಲೀನ್ಡ್’ ಎಂಬ ಬಿರುದು! ಹೌದು, ತೊಳೆದಿದ್ದೇವೆ. ಪ್ರತಿ ದೀಪಾವಳಿಗೂ ಲಕ್ಷ್ಮೀಪೂಜೆಯ ಹಿಂದಿನ ದಿನ ತಾಮ್ರಕ್ಕೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಹಚ್ಚಿ ಮನೆಯ ಹೆಂಗಸರು ಮೂರು ತಲೆಮಾರು ತಿಕ್ಕಿದ್ದಾರೆ. ರಾಣಿಯ ಕೆನ್ನೆಯ ಮೇಲಿನ ಕೂದಲು ಹೋಗಿರುವುದು ಅವರ ಹೆಬ್ಬೆರಳಿನಿಂದ. ಈ ಕಡೆಯ ತಾಂಡಾಗಳ ಲಂಬಾಣಿ ಹೆಂಗಸರು ರೂಪಾಯಿಗೆ ಕೊಂಡಿ ಬೆಸೆದು ಮೈಮೇಲೆ ಧರಿಸಿದರು. ಪರೀಕ್ಷಕನ ಪಟ್ಟಿಯಲ್ಲಿ ಅದು ‘ಹಾನಿ’. ನಮ್ಮ ಡಬ್ಬಿಯ ರೂಪಾಯಿಗಳಲ್ಲಿ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಅದಿರನ್ನು ಅಗೆದವರ ಬಟವಾಡೆಯ ರೂಪಾಯಿ ಯಾವುದು, ಬೀರೂರಿನಲ್ಲಿ ಮಾರಿದ ಅಡಿಕೆಯ ರೂಪಾಯಿ ಯಾವುದು? ಅದನ್ನು ಬಲ್ಲವರೊಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ನಾವು ಸ್ಲ್ಯಾಬಿನ ದರಪಟ್ಟಿಯನ್ನು ಓದುತ್ತ ಕುಳಿತಿದ್ದೇವೆ. ನಾಣ್ಯವು ಬೀರುವಿನಲ್ಲಿ ಇನ್ನೂರು ವರ್ಷ ಇದ್ದೀತು. ಅದರ ಮಾತು ನಮ್ಮ ಅತ್ತೆಯ ನೆನಪಿನಲ್ಲಿ ಇನ್ನೆಷ್ಟು ದಿನ?

ಪ್ರಕೃತಕ್ಕೆ ಬರೋಣ. ಪೂರ್ವಪಕ್ಷಿಯು ಚಿಕ್ಕಪ್ಪನ ಮಗ. ಅವನ ಮತದಲ್ಲಿ ಸರ್ವನಾಣ್ಯಗಳೂ ಅಮೆರಿಕಕ್ಕೆ ಹೋಗತಕ್ಕುವು. ಅದಕ್ಕೆ ಬಾಧಕಪ್ರಮಾಣವು 1972ರ ಪುರಾವಸ್ತು ಕಾಯಿದೆ: ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸತಕ್ಕದ್ದಲ್ಲ. ‘ಹಾಗಾದರೆ ಮಾರಿಬಿಡೋಣ, ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ’ ಎಂದು ಅವನು ಫೋನಿನಲ್ಲಿ ಬಂದ ಸಂದೇಶವನ್ನು ಆಪ್ತವಾಕ್ಯವಾಗಿ ಉದಾಹರಿಸಿದನು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೀಳುವ ಇಂಥ ವಂಚಕರ ವಿಷಯದಲ್ಲಿ 2021ರಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆಯೆಂದು ತೋರಿಸಿದ ಮೇಲೆ ಸುಮ್ಮನಾದನು.

ಸಿದ್ಧಾಂತವು ಅತ್ತೆಯ ಸನ್ನಿಧಿಯಲ್ಲಿ, ದಾಯಾದಿಗಳೆಲ್ಲ ಸೇರಿದ ಸಭೆಯಲ್ಲಿ ಆಯಿತು. ಒಂದೊಂದು ನಾಣ್ಯಕ್ಕೂ ಒಂದೊಂದು ಲಕೋಟೆ. ಅತ್ತೆ ಹೇಳಿದ್ದನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು ನನ್ನ ಕೆಲಸ. ಹುಣಸೆಹಣ್ಣಿನ ನಿಷೇಧಕ್ಕೆ ಮಾತ್ರ ಆಕೆ ಒಪ್ಪಲಿಲ್ಲ. ‘ಅಲ್ಲ ಕಣಪ್ಪ, ಕರ್ರಗಿರೋ ಲಕ್ಷ್ಮೀನ ಯಾರಾದ್ರೂ ಪೂಜೆಗಿಡ್ತಾರೇನೋ?’ ಎಂದು ಕೇಳಿದಾಗ ನನ್ನ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಈಗಾಗಲೇ ಮುಖ ಸವೆದ ಐದು ರೂಪಾಯಿಗಳು ಪೂಜೆಗೆ, ಅವುಗಳ ಮೇಲೆ ಆಕೆಗೆ ಸರ್ವಾಧಿಕಾರ. ಮಿಕ್ಕವನ್ನು ಮುಟ್ಟತಕ್ಕದ್ದಲ್ಲ ಎಂದು ರಾಜಿಯಾಯಿತು.

ಉಳಿದದ್ದು ಆರನೆಯ ಜಾರ್ಜನ ಒಂದು ರೂಪಾಯಿ. ಅದರ ಇಸವಿಯ ಕೊನೆಯ ಅಂಕೆ ಎಂಟೋ ಒಂಬತ್ತೋ ಸ್ಪಷ್ಟವಿಲ್ಲ. 1938ರದಾದರೆ ಸಾಮಾನ್ಯ, 1939ರದಾದರೆ ಬಹು ವಿರಳ, ಆದುದರಿಂದಲೇ ಎಂಟನ್ನು ತಿದ್ದಿ ಒಂಬತ್ತು ಮಾಡುವ ಕುಶಲಿಗಳೂ ಇದ್ದಾರೆ. ಅಸಲು ನಕಲಿಯ ಇಂಥ ಪ್ರಶ್ನೆಯಲ್ಲಿ ಪರೀಕ್ಷಕನು ಉಪಯುಕ್ತನೆಂಬುದನ್ನು ಅವನ ಮೇಲೆ ನನಗೆಷ್ಟೇ ಸಿಟ್ಟಿದ್ದರೂ ಒಪ್ಪಲೇಬೇಕು. ನಾಣ್ಯಕ್ಕೆ ನೂರು ತುಂಬಿಲ್ಲವಾದುದರಿಂದ ಪುರಾವಸ್ತು ಕಾಯಿದೆಯ ಅಡ್ಡಿಯೂ ಇಲ್ಲ. ಅದೊಂದನ್ನು ಕಳಿಸಬಹುದೆಂದು ಸಭೆಯು ಏಕಕಂಠದಿಂದ ಅಂಗೀಕರಿಸಿತು. ಶುಲ್ಕವನ್ನು ಯಾರು ಕೊಡತಕ್ಕದ್ದೆಂಬ ಅಧಿಕರಣವನ್ನು ಎತ್ತಿಕೊಂಡಾಗ ಸಮಸ್ತ ಅಧಿಕಾರಿಗಳೂ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.