ಹೆಲ್ಮೆಟ್ಟಿನೊಳಗೊಂದು ಅವಿಭಕ್ತ ಕುಟುಂಬ

ಹಿಮದ ಗುಡ್ಡದ ಮೇಲೆ ಕನ್ನಡ ಸಂಸಾರವೊಂದು ದಿಕ್ಕಾಪಾಲಾಗಲು ನಾಲ್ಕು ನಿಮಿಷ ಸಾಕು. ಮತ್ತೆ ಒಟ್ಟು ಸೇರಲು ಅರ್ಧ ದಿನ ಬೇಕು. ಮಗ ಸ್ನೋಬೋರ್ಡಿನ ಮೇಲೆ ಅಡ್ಡಡ್ಡ ನಿಂತುಕೊಂಡು ಕಪ್ಪು ವಜ್ರದ ಗುರುತಿರುವ ಕಡಿದಾದ ಇಳಿಜಾರಿಗೆ ಹಾರುತ್ತಾನೆ. ಮಗಳು ಸ್ಕೀ ಕಟ್ಟಿಕೊಂಡು ನೀಲಿ ಚೌಕದ ದಾರಿ ಹಿಡಿಯುತ್ತಾಳೆ. ಕಲಿಯುವವರಿಗೆಂದೇ ಇರುವ ಹಸಿರು ವೃತ್ತದ ಬೋರ್ಡು ಬಿಟ್ಟು ನಾನು ಆಚೀಚೆ ನೋಡುವವಳಲ್ಲ. ನಾವು ಮೂವರೂ ಎಲ್ಲಿದ್ದೇವೆಂದು ಹುಡುಕುತ್ತಾ ನಮ್ಮವರು ದಿನವಿಡೀ ಲಿಫ್ಟಿನಲ್ಲಿ ಕೂತಿರುತ್ತಾರೆ. ಗುಡ್ಡದ ಬುಡದ ಲಾಡ್ಜಿನಲ್ಲಿ, ದೊಡ್ಡ ಗಾಜಿನ ಕಿಟಕಿಯ ಪಕ್ಕ, ಊಟದ ಡಬ್ಬಿಗಳ ಕಾವಲಿಗೆ ನಮ್ಮತ್ತೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿನ ಕನ್ನಡಿಗರಿಗೆ ಚಳಿಗಾಲ ಬಂತೆಂದರೆ ಲೇಕ್ ತಾಹೋ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲಿಯದೇ ಒಂದು ಕಣಿವೆಯಲ್ಲಿ. ಅಲ್ಲಿಗೆ ಹೋಗುವ ಹೆದ್ದಾರಿ 7,000 ಅಡಿಗೂ ಎತ್ತರದಲ್ಲಿ ಡಾನರ್ ಘಟ್ಟ ದಾಟುತ್ತದೆ. 1846ರ ಚಳಿಗಾಲದಲ್ಲಿ ವಲಸೆ ಬಂದ ಒಂದು ತಂಡ ಆ ಘಟ್ಟದ ಹಿಮದಲ್ಲಿ ಸಿಕ್ಕಿಬಿದ್ದು, ತಿನ್ನಲು ಏನೂ ಇಲ್ಲದೆ, ಕೊನೆಗೆ ಸತ್ತವರನ್ನೇ ತಿಂದಿತಂತೆ. ಇದನ್ನು ಮೊಮ್ಮಗಳ ಬಾಯಲ್ಲಿ ಕೇಳಿದ ಮೇಲೆ ನಮ್ಮತ್ತೆ ಎಂಟು ಜನರಿಗಾಗುವಷ್ಟು ಪುಳಿಯೋಗರೆ ಇಲ್ಲದೆ ಆ ಘಟ್ಟ ಹತ್ತಿಲ್ಲ.

ಫೋನ್ ಇದೆಯಲ್ಲ ಎನ್ನುತ್ತೀರಿ. ಫೋನು ಮೂರನೇ ಪದರದ ಜೇಬಿನಲ್ಲಿರುತ್ತದೆ. ಗ್ಲೌಸ್ ತೆಗೆಯದೆ ಅದನ್ನು ಎತ್ತಲಾಗದು. ತೆಗೆದರೆ ಗ್ಲೌಸ್ ಲಿಫ್ಟಿನಿಂದ ಕೆಳಗೆ. ಸಾಲದ್ದಕ್ಕೆ ಲಿಥಿಯಂ ಬ್ಯಾಟರಿಗೆ ಚಳಿ ಆಗಿಬರುವುದಿಲ್ಲ. ಬೆಳಿಗ್ಗೆ ತುಂಬಿ ತಂದ ಚಾರ್ಜು ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಇಷ್ಟೆಲ್ಲ ದಾಟಿ ಕರೆ ಮಾಡಿದರೆ ಗುಡ್ಡದ ಆ ಮಗ್ಗುಲಲ್ಲಿ ಸಿಗ್ನಲ್ ಇಲ್ಲ.

ಹೀಗೆ ಹೆಲ್ಮೆಟ್ ಇಂಟರ್‌ಕಾಂ ಎಂಬ ವಿಷಯ ನಮ್ಮ ಮನೆ ಹೊಕ್ಕಿತು. ನಮ್ಮವರು ಎಂಜಿನಿಯರು. ಮಗಳಿಗೆ ಕಾಲೇಜು ಹುಡುಕುವಾಗ ಮಾಡಿದ್ದಕ್ಕಿಂತ ಹೆಚ್ಚು ಕಾಲಂಗಳಿರುವ ಎಕ್ಸೆಲ್ ಹಾಳೆ ಸಿದ್ಧವಾಯಿತು.

ಮೊದಲನೆಯ ಬಗೆ, ಹೆಲ್ಮೆಟ್ಟಿನ ಕಿವಿಪಟ್ಟಿಯ ಜಿಪ್ ತೆಗೆದು ಒಳಗೆ ತೂರಿಸುವ ಬಿಲ್ಲೆಯಂಥ ಸ್ಪೀಕರು. ಹಾಡು ಕೇಳಲು ಸೊಗಸು. ಆದರೆ ಇಂಥವುಗಳಲ್ಲಿ ಗುಂಪಾಗಿ ಮಾತಾಡಬೇಕೆಂದರೆ ಸಾಮಾನ್ಯವಾಗಿ ಫೋನಿನ ಆ್ಯಪ್ ಮೂಲಕವೇ, ಅಂದರೆ ಮತ್ತೆ ಸಿಗ್ನಲ್ಲಿನ ಹಂಗು. ಜೊತೆಗೆ ಯಾವ ವಿಮರ್ಶಕನೂ ಬರೆಯದ ಒಂದು ಸಮಸ್ಯೆ ನನ್ನದು. ಆ ಬಿಲ್ಲೆ ಕಿವಿಯನ್ನು ಒತ್ತಿದರೆ ಬೆಂಡೋಲೆಯ ತಿರುಪು ಕಿವಿಯ ಹಿಂದೆ ಚುಚ್ಚಿಕೊಳ್ಳುತ್ತದೆ. ಎಕ್ಸೆಲ್ಲಿನಲ್ಲಿ ‘ಓಲೆ’ ಎಂದೊಂದು ಕಾಲಂ ಸೇರಿಸಿ ಎಂದೆ. ಓಲೆ ಬಿಚ್ಚಿಟ್ಟು ಹೋಗು ಎಂದರು. ಬೋಳು ಕಿವಿಯಲ್ಲಿ ಸೊಸೆ ಹೊರಗೆ ಹೊರಡುವುದೇ ಎಂದು ಅತ್ತೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. ಅತ್ತೆ ನನ್ನ ಪರ ವಹಿಸಿದ ಅಪರೂಪದ ಸಂದರ್ಭ ಅದು, ಕಾಲಂ ಸೇರಿತು.

ಎರಡನೆಯದು ಬ್ಲೂಟೂತ್ ಇಂಟರ್‌ಕಾಂ. ಇದಕ್ಕೆ ಫೋನ್ ಸಿಗ್ನಲ್ ಬೇಡ. ಹೆಲ್ಮೆಟ್ಟಿಂದ ಹೆಲ್ಮೆಟ್ಟಿಗೆ ನೇರ ಮಾತು. ಆದರೆ ಹಳೆಯ ಮಾದರಿಗಳಲ್ಲಿ ಎಲ್ಲರೂ ಸರಪಣಿಯಾಗಿ ಕೂಡಿಕೊಳ್ಳಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಕೊನೆಯವರಿಗೆ ಸಾರು ಬೇಕೆಂಬ ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿ ಬಡಿಸುವವರನ್ನು ಮುಟ್ಟುತ್ತದಲ್ಲ, ಹಾಗೆ. ನಡುವೆ ಒಬ್ಬರು ಕೈತೊಳೆಯಲು ಎದ್ದರೆ ಕೊನೆಯ ಎಲೆಗೆ ಸಾರಿಲ್ಲ. ನಮ್ಮ ಸರಪಣಿಯ ನಡುವೆ ಮಗ ಇರಬೇಕಾಗಿತ್ತು. ಅವನು ನಡುವೆ ನಿಲ್ಲುವ ಪೈಕಿಯೇ ಅಲ್ಲ.

ಮೂರನೆಯದು ಮೆಶ್. ಕಾರ್ಡೋ, ಸೇನಾ ಮುಂತಾದ ಕಂಪನಿಗಳು ಮೋಟರ್‌ಸೈಕಲ್ ಸವಾರರಿಗೆಂದು ಬೆಳೆಸಿದ ವಿದ್ಯೆ ಇದು. ಇಲ್ಲಿ ಪ್ರತಿ ಯಂತ್ರವೂ ಹತ್ತಿರವಿರುವ ಮಿಕ್ಕೆಲ್ಲ ಯಂತ್ರಗಳ ಜೊತೆ ಮಾತಾಡುತ್ತದೆ. ಒಬ್ಬರು ತಪ್ಪಿಸಿಕೊಂಡರೆ ಜಾಲ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ತಪ್ಪಿಸಿಕೊಂಡವರು ಹತ್ತಿರ ಬಂದರೆ ಏನೂ ಕೇಳದೆ ಮತ್ತೆ ಸೇರಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ದೂರವನ್ನು ಮಾತ್ರ ನಂಬಬೇಡಿ, ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ರೇಡಿಯೋ ಅಲೆಗೆ ಅಡ್ಡಿಯಿಲ್ಲದ ನೇರ ದಾರಿ ಬೇಕು. ಗುಡ್ಡದ ಏಣು ಅಡ್ಡ ಬಂದರೆ ಮಾತು ಅಲ್ಲಿಗೇ ನಿಂತಿತು.

ನಾಲ್ಕನೆಯದು ವಾಕಿಟಾಕಿ. ಅಮೆರಿಕದಲ್ಲಿ 2 ವ್ಯಾಟಿನವರೆಗಿನ ಎಫ್‌ಆರ್‌ಎಸ್ ರೇಡಿಯೋಗೆ ಲೈಸೆನ್ಸ್ ಬೇಡ. ಅದಕ್ಕಿಂತ ಶಕ್ತಿಯ ಜಿಎಂಆರ್‌ಎಸ್‌ಗೆ ಬೇಕು. 35 ಡಾಲರ್ ಕಟ್ಟಿದರೆ 10 ವರ್ಷ, ಪರೀಕ್ಷೆಯಿಲ್ಲ. ನಮ್ಮವರಿಗೆ ವ್ಯಾಟಿನ ಆಸೆ, ಅರ್ಜಿ ಹಾಕಿದರು. ಅದರ ನಿಯಮ ಓದುತ್ತಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮನೆಯಲ್ಲಿ ಒಬ್ಬರು ಲೈಸೆನ್ಸ್ ತೆಗೆದುಕೊಂಡರೆ ಇಡೀ ಕುಟುಂಬಕ್ಕೆ ಸಾಕಂತೆ. ಕುಟುಂಬವೆಂದರೆ ಯಾರು? ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಚಿಕ್ಕಪ್ಪ, ಸೋದರತ್ತೆ, ಅಣ್ಣನ ಮಗ, ತಂಗಿಯ ಮಗಳು, ಸಾಲದೆಂಬಂತೆ ಬೀಗರ ಕಡೆಯವರು! ಇದೇ ದೇಶದ ವಲಸೆ ಇಲಾಖೆಗೆ ಒಡಹುಟ್ಟಿದ ತಮ್ಮನೂ ಕುಟುಂಬದವನೆಂದು ಒಪ್ಪಿಸಲು ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು; ಸೋದರತ್ತೆಯ ಹೆಸರೆತ್ತಿದರೆ ಅದಕ್ಕೆ ಫಾರಮ್ಮೇ ಇಲ್ಲ. ನಮ್ಮ ಅವಿಭಕ್ತ ಕುಟುಂಬವನ್ನು ಅಮೆರಿಕ ಸರ್ಕಾರ ಒಪ್ಪಿಕೊಂಡದ್ದು ರೇಡಿಯೋ ಇಲಾಖೆಯಲ್ಲಿ ಮಾತ್ರ. ಹಾಸನದಲ್ಲಿರುವ ಮೈದುನನಿಗೆ ಆವತ್ತೇ ಫೋನಾಯಿತು: “ನೀನೂ ಮಾತಾಡಬಹುದು ಕಣೋ, ಕಾನೂನಿದೆ.” ವೀಸಾ ಸಿಕ್ಕರೆ ಬಂದು ಮಾತಾಡುತ್ತೇನೆ ಅಂದ ಅವನು.

ಒಂದು ಷರತ್ತಿದೆ. ಮಾತು ಮುಗಿದಾಗ, ಮತ್ತು ಮಾತು ಉದ್ದವಾದರೆ 15 ನಿಮಿಷಕ್ಕೊಮ್ಮೆ, ಲೈಸೆನ್ಸಿನ ಕರೆಗುರುತು ಹೇಳಬೇಕು. ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕು, ಇಲ್ಲವೇ ಮೋರ್ಸ್ ಸಂಕೇತದಲ್ಲಿ ಕುಟ್ಟಬೇಕು. “ಗೋತ್ರಾನೂ ಒಂದೇ ಸಲ ಹೇಳೋದಪ್ಪ,” ಎಂದರು ಅತ್ತೆ.

ಕೊನೆಗೆ ಎರಡೂ ಬಂದವು. ಹೆಲ್ಮೆಟ್ಟುಗಳಿಗೆ ಮೆಶ್; ಅತ್ತೆಗೊಂದು, ನಮ್ಮವರ ಜೇಬಿಗೊಂದು, ಮಗಳ ಎದೆಯ ಪಟ್ಟಿಗೊಂದು ರೇಡಿಯೋ.

ಮೆಶ್‌ನ ದೊಡ್ಡ ಹೆಗ್ಗಳಿಕೆ, ಎಲ್ಲರೂ ಏಕಕಾಲಕ್ಕೆ ಮಾತಾಡಬಹುದು ಎಂಬುದು. ಇದಕ್ಕೆ ನಮಗೆ ಯಂತ್ರ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ರೇಡಿಯೋದ ಕುಂದು ಎಂದು ಎಕ್ಸೆಲ್ ಹೇಳಿದ್ದು, ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಮಿಕ್ಕವರು ಸುಮ್ಮನಿರಲೇಬೇಕು ಎಂಬುದು. ನಮ್ಮ ವಂಶದಲ್ಲಿ ಯಾರೂ ಕಂಡಿರದ ತಂತ್ರಜ್ಞಾನ ಅದು! ಅತ್ತೆ ಅರ್ಧ ಗಂಟೆಯಲ್ಲಿ ಅದರ ಮರ್ಮ ಅರಿತರು: ಒತ್ತಿದ ಗುಂಡಿ ಬಿಡದಿದ್ದರೆ ಎದುರುತ್ತರವೇ ಇಲ್ಲ.

ನಾನು ಹಸಿರು ದಾರಿಯಲ್ಲಿ ಹಿಡಿತ ತಪ್ಪಿ ಜಾರುತ್ತಿದ್ದಾಗ ಮಗಳು ಹಿಂದಿನಿಂದ “ಪಿಜ್ಜಾ, ಅಮ್ಮಾ! ಪಿಜ್ಜಾ!” ಎಂದು ಕೂಗಿಕೊಂಡಳು. ಸ್ಕೀಗಳ ಮೂತಿ ಕೂಡಿಸಿ ಪಿಜ್ಜಾ ತುಂಡಿನ ಆಕಾರ ಮಾಡಿದರೆ ವೇಗ ತಗ್ಗುತ್ತದೆ. ಇಲ್ಲಿ ಮಕ್ಕಳಿಗೆ ಕಲಿಸುವುದೇ ಹಾಗೆ. ಆ ಗಡಿಬಿಡಿಯಲ್ಲಿ ಅವಳ ಕೈ ರೇಡಿಯೋ ಗುಂಡಿಯ ಮೇಲಿತ್ತು. ಲಾಡ್ಜಿನಲ್ಲಿ ಅತ್ತೆಗೆ ಕೇಳಿಸಿದ್ದು ಪಿಜ್ಜಾ ಮಾತ್ರ. ತಕ್ಷಣ ಅವರು ಗುಂಡಿ ಒತ್ತಿದರು. ಬೆಳಗಿನ ಜಾವ ಎದ್ದು ಗೊಜ್ಜು ಕುದಿಸಿದ್ದು ಯಾರಿಗೆ, ಕಡಲೇಬೀಜ ಹುರಿದದ್ದು ಯಾರಿಗೆ, ಹಿಮದಲ್ಲಿ ಸಿಕ್ಕಿಬಿದ್ದವರ ಗತಿ ಏನಾಯಿತೆಂದು ಗೊತ್ತಿದ್ದೂ ಪಿಜ್ಜಾ ಕೇಳುವ ಸೊಸೆಗೆ ಏನನ್ನಬೇಕು. ನಿಲ್ಲಿಸಲು ಯಾರಿಗೂ ದಾರಿಯಿರಲಿಲ್ಲ. ಕೊನೆಗೆ ಉಸಿರು ತೆಗೆದುಕೊಳ್ಳಲು ಗುಂಡಿ ಬಿಟ್ಟರು.

ಆ ಸಂದಿಯಲ್ಲಿ ಒಂದು ಗಂಡು ಧ್ವನಿ ಬಂತು: “ಅಮ್ಮಾ, ಪುಳಿಯೋಗರೆ ಉಳಿದರೆ ಹೇಳಿ, ನಾವು ತಿಪಟೂರಿನವರು.”

ರೇಡಿಯೋದಲ್ಲಿ ‘ಪ್ರೈವಸಿ ಕೋಡ್’ ಎಂದು ಒಂದಿದೆ. ನಮ್ಮವರು ಅದನ್ನು ಶ್ರದ್ಧೆಯಿಂದ ಹಾಕಿದ್ದರು. ಅದು ಬೇರೆಯವರ ಮಾತು ನಮ್ಮ ಕಿವಿಗೆ ಬೀಳದಂತೆ ಸೋಸುತ್ತದೆಯೇ ಹೊರತು ನಮ್ಮ ಮಾತು ಬೇರೆಯವರಿಗೆ ಕೇಳದಂತೆ ಮಾಡುವುದಿಲ್ಲ. ಆ ಮನುಷ್ಯ ಅದೇ ಕೋಡಿನಲ್ಲಿ ಇದ್ದರೆಂಬುದು ಅತ್ತೆಯ ಪಾಲಿಗೆ ಋಣಾನುಬಂಧ. ಮಧ್ಯಾಹ್ನ ಲಾಡ್ಜಿನಲ್ಲಿ ಆ ಸಂಸಾರ ನಮ್ಮ ಡಬ್ಬಿಗಳ ಸುತ್ತ ಕೂತಿತ್ತು. ಎಂಟು ಜನರ ಪುಳಿಯೋಗರೆಗೆ ಸರಿಯಾಗಿ ಎಂಟು ಜನ ಸಿಕ್ಕರು. ಕೊಬ್ಬರಿ ರೇಟಿನಿಂದ ಹಿಡಿದು ಮಗನ ಮದುವೆಯವರೆಗೆ ಮಾತು ಹರಿಯಿತು.

ಕೊಳ್ಳಬೇಕೆಂದಿರುವವರಿಗೆ ನಾಲ್ಕು ಮಾತು. ದಪ್ಪ ಗ್ಲೌಸ್ ಹಾಕಿಕೊಂಡೇ ಅಂಗಡಿಗೆ ಹೋಗಿ, ಗುಂಡಿ ಕೈಗೆ ಸಿಗುತ್ತದೆಯೇ ನೋಡಿ. ಮೈಕು ಗಾಳಿಗೆ ಮುಖ ಮಾಡಿರಬಾರದು. ಮಾಡಿದ್ದರೆ ಮಾತಿನ ಬದಲು ಭೋರ್ಗರೆತ ಕೇಳುತ್ತದೆ. ಹೊರಗಿನ ಸದ್ದನ್ನು ಪೂರ್ತಿ ಮುಚ್ಚುವಂಥದ್ದು ಬೇಡ. ಇಳಿಜಾರಿನಲ್ಲಿ ಮುಂದೆ ಹೋಗುತ್ತಿರುವವರಿಗೆ ಮೊದಲ ಹಕ್ಕು, ಹಿಂದಿನವರು ತಪ್ಪಿಸಿಕೊಂಡು ಹೋಗಬೇಕು ಎಂಬುದು ಇಲ್ಲಿಯ ನಿಯಮ. ಆದರೂ ಬೆಂಗಳೂರಿನಲ್ಲಿ ಗಾಡಿ ಓಡಿಸಿ ಬಂದವರು ಹಿಂದಿನಿಂದ ಬರುತ್ತಿರಬಹುದು, ಕಿವಿ ತೆರೆದಿರಲಿ.

ಎಲ್ಲಕ್ಕಿಂತ ಮುಖ್ಯ, ಮ್ಯೂಟ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಮೊದಲೆಲ್ಲ ನಮ್ಮವರು ನನಗೆ ಸ್ಕೀ ಕಲಿಸುವಾಗ ಗಾಳಿ ಅರ್ಧ ಮಾತು ನುಂಗಿಹಾಕುತ್ತಿತ್ತು. ಈಗ “ಮೊಣಕಾಲು ಬಗ್ಗಿಸು, ಬೆನ್ನಲ್ಲ, ಮೊಣಕಾಲು” ಎಂಬುದು ನೇರ ಕಿವಿಯೊಳಗೇ ಹುಟ್ಟುತ್ತದೆ. ಲಿಫ್ಟ್ ಇಳಿದ ಕೂಡಲೇ ಎಡಗಡೆಯ ಗುಂಡಿ ಒತ್ತಿಬಿಡುತ್ತೇನೆ. ಆ ಗುಡ್ಡದಲ್ಲಿ ಅಲೆ ಸರಿಯಾಗಿ ಹಾಯುವುದಿಲ್ಲ ಎಂದು ನಮ್ಮವರು ತೀರ್ಮಾನಿಸಿದ್ದಾರೆ. ಇನ್ನೂ ದೂರ ಹೋಗುವ ಮಾದರಿ ಹುಡುಕಲು ಹೊಸ ಎಕ್ಸೆಲ್ ಹಾಳೆ ಶುರುವಾಗಿದೆ. ನಾನೂ ಒಂದು ಕಾಲಂ ಹೇಳಿದ್ದೇನೆ: ಮ್ಯೂಟ್ ಗುಂಡಿ ಒತ್ತಿದಾಗ ‘ಟುಂಯ್’ ಅನ್ನಬಾರದು.